ಬಂದೂಕಿನ ಪಟ್ಟಿಗೂ ತಪಾಸಣೆ ಬೇಕು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಬ್ಯಾಂಕುಗಳಿಗೆ ಹೋಗಿಬರುವ ಜನರಿಗೆ ಬಾಗಿಲಲ್ಲಿ ನಿಂತ ಕಾವಲುಗಾರರ ಬಂದೂಕು ಕಾಣುತ್ತದೆ, ಅದು ತೂಗುವ ಪಟ್ಟಿ ಕಾಣುವುದಿಲ್ಲ. ಈ ಕಾವಲುಗಾರರಲ್ಲಿ ಅನೇಕರು ನಿವೃತ್ತ ಸೈನಿಕರು. ದಿನಕ್ಕೆ ಎಂಟು ತಾಸು, ಕೆಲವೆಡೆ ಅದಕ್ಕೂ ಹೆಚ್ಚು ಹೊತ್ತು ಆ ಭಾರ ಅವರ ಹೆಗಲ ಮೇಲಿರುತ್ತದೆ. ಪಟ್ಟಿಯನ್ನು ಹಿಡಿದಿರುವುದು ಎರಡು ಸಣ್ಣ ಕೊಂಡಿಗಳು: ನಳಿಗೆಯ ಕೆಳಗೊಂದು, ಹಿಂದಿನ ಮರದ ಬಟ್ಟಿನಲ್ಲೊಂದು. ಒಂದು ಕಳಚಿದರೂ ಮೂರು ಕಿಲೋ ಆಸುಪಾಸಿನ ಆಯುಧ ನೆಲಕ್ಕೆ ಬೀಳುತ್ತದೆ.

2025ರ ಜನವರಿ 16ರಂದು ಬೀದರಿನಲ್ಲಿ ನಡೆದದ್ದನ್ನು ಈ ಭಾಗದ ಜನ ಮರೆತಿಲ್ಲ. ಎಟಿಎಂಗೆ ತುಂಬಲು ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದರು. ಒಬ್ಬ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಬೀದರಿನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಬರುವ ದಾರಿಯಲ್ಲೇ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಈ ಊರು ತಾಲ್ಲೂಕು ಕೇಂದ್ರವಾದ ಮೇಲೆ ಇಲ್ಲಿ ಹಣದ ಓಡಾಟವೂ ಹೆಚ್ಚಿದೆ. ನಗದು ಸಾಗಿಸುವ ವಾಹನದಲ್ಲಿ ಇಬ್ಬರು ಸಶಸ್ತ್ರ ಕಾವಲುಗಾರರು ಇರಬೇಕೆಂದು ಕೇಂದ್ರ ಗೃಹ ಸಚಿವಾಲಯದ 2018ರ ನಿಯಮ ಹೇಳುತ್ತದೆ. ಆ ನಿಯಮ ಪಾಲನೆಯಾಗಲೇಬೇಕು. ಆದರೆ ವ್ಯಾನಿಗೆ ಹತ್ತಿ ಇಳಿಯುವಾಗ, ಪೆಟ್ಟಿಗೆಯ ಹಿಂದೆ ಓಡುವಾಗ ಆ ಬಂದೂಕು ಮೈಮೇಲೆ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದೂ ಕೇಳಬೇಕಾಗಿದೆ.

ಸೈನ್ಯಗಳು ಈ ಪ್ರಶ್ನೆಯನ್ನು ಎಂದೋ ಕೇಳಿಕೊಂಡಿವೆ. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ .303 ರೈಫಲ್ಲಿನ ಪಟ್ಟಿ ಹತ್ತಿಯ ದಪ್ಪ ನೇಯ್ಗೆಯದು, ಒಂದೂಕಾಲು ಇಂಚು ಅಗಲ, ತುದಿಗಳಲ್ಲಿ ಹಿತ್ತಾಳೆಯ ಕೊಕ್ಕೆ. ಕೊಂಡಿಯ ಅಗಲವೂ ಅಷ್ಟೇ. ಪಟ್ಟಿ ಸುರುಳಿಗಟ್ಟುವುದಿಲ್ಲ, ಬೆವರಿದ ಅಂಗಿಯ ಮೇಲೆ ಜಾರುವುದಿಲ್ಲ. ಕಲಬುರಗಿ ಕೋಟೆಯ ಮೇಲಿರುವ 29 ಅಡಿಯ ತೋಪಿನ ಮೈಗೂ ಕಬ್ಬಿಣದ ಉಂಗುರಗಳಿವೆ. ಆಯುಧ ಸಿಡಿದರೆ ಸಾಲದು, ಅದನ್ನು ಹಿಡಿದು ಸಾಗಿಸಲೂ ಬರಬೇಕು ಎಂಬುದು ಬಹಮನಿ ಕಾಲದ ಕಮ್ಮಾರರಿಗೂ ಗೊತ್ತಿತ್ತು.

ಖಾಸಗಿ ಕಾವಲಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆ ಬಂದೂಕು, ಅಲ್ಲಲ್ಲಿ .315 ರೈಫಲ್. ಇವುಗಳಲ್ಲಿ ಮೊದಲು ಕೈಕೊಡುವುದು ಹಿಂದಿನ ಕೊಂಡಿ. ಅದರ ಸ್ಕ್ರೂ ಕೂತಿರುವುದು ಮರದಲ್ಲಿ. ಬೇಸಿಗೆಯಲ್ಲಿ 42–43 ಡಿಗ್ರಿ ಮುಟ್ಟುವ ನಮ್ಮ ಕಡೆ ಮರ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ಹೀಗೆ ಕೆಲವು ವರ್ಷ ಕಳೆದರೆ ಸ್ಕ್ರೂವಿನ ಹಲ್ಲು ಕಚ್ಚಿಕೊಂಡಿದ್ದ ಮರ ಪುಡಿಯಾಗಿ ತೂತು ಸಡಿಲಾಗುತ್ತದೆ. ಆಗ ಎಲ್ಲರೂ ಮಾಡುವ ಸುಲಭದ ಉಪಾಯವೆಂದರೆ ಇನ್ನಷ್ಟು ದಪ್ಪನೆಯ ಸ್ಕ್ರೂ ತಿರುಗಿಸುವುದು. ಇದರಿಂದ ಮರವೇ ಸೀಳಬಹುದು. ಹಳೆಯ ತೂತಿಗೆ ಗಟ್ಟಿ ಮರದ ಗೂಟವನ್ನು ಅಂಟು ಹಾಕಿ ಬಡಿದು, ಒಣಗಿದ ಮೇಲೆ ಸ್ಕ್ರೂವಿಗಿಂತ ಸಣ್ಣ ತೂತು ಕೊರೆದು, ಸ್ಕ್ರೂವಿಗೆ ಸ್ವಲ್ಪ ಮೇಣ ಸವರಿ ಕೂರಿಸುವುದೇ ಸರಿಯಾದ ರಿಪೇರಿ.

ಮುಂದಿನ ಕೊಂಡಿಯದು ಬೇರೆಯೇ ಕಥೆ. ಜೋಡಿ ನಳಿಗೆಗಳನ್ನು ಬೆಸುಗೆಯಿಂದಲೇ ಕೂಡಿಸಿರುತ್ತಾರೆ, ಹಲವು ಬಂದೂಕುಗಳಲ್ಲಿ ಕೊಂಡಿಯನ್ನೂ ಬೆಸುಗೆಯಿಂದಲೇ ಕೂರಿಸಿರುತ್ತಾರೆ. ಕೊಂಡಿ ಬಿಟ್ಟಿತೆಂದು ಬೀದಿಯ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಆ ಬೆಂಕಿಗೆ ನಳಿಗೆಗಳ ನಡುವಿನ ಬೆಸುಗೆಯೂ ಸಡಿಲಬಹುದು. ನಳಿಗೆಗೆ ತೂತು ಕೊರೆಯುವ ಮಾತಂತೂ ಬೇಡವೇ ಬೇಡ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿಗೇ ಹೋಗಬೇಕು. ಇಲ್ಲವಾದರೆ ನಳಿಗೆಯನ್ನು ಸುತ್ತುವರಿದು ಬಿಗಿಯುವ ಲೋಹದ ಪಟ್ಟಾ ಹಾಕಿ ಅದಕ್ಕೆ ಕೊಂಡಿ ಸಿಗಿಸುವುದು ಕ್ಷೇಮ. ಕೀಲಿಕೈಯ ಉಂಗುರ, ಸೆಣಬಿನ ಹುರಿ, ಪ್ಲಾಸ್ಟಿಕ್ ಟೈಗಳಿಂದ ಬಂದೂಕು ಕಟ್ಟಿಕೊಳ್ಳುವಂತೆ ಕಾವಲುಗಾರನನ್ನು ಬಿಡುವುದು ಅವನಿಗೆ ಮಾಡುವ ಅನ್ಯಾಯ.

ಪಟ್ಟಿಯ ಆಯ್ಕೆಯಲ್ಲಿ ಹೊಸ ಸೊಗಸು ಬೇಕಿಲ್ಲ. ಕಮಾಂಡೊಗಳ ಫೋಟೋ ನೋಡಿ ಒಂದೇ ಬಿಂದುವಿನಲ್ಲಿ ತೂಗುವ ಪಟ್ಟಿ ಕೊಂಡರೆ ಉದ್ದ ನಳಿಗೆಯ ಬಂದೂಕು ಮೊಣಕಾಲಿಗೆ ಬಡಿಯುತ್ತದೆ. ಎರಡು ಕಡೆ ಕಟ್ಟುವ ಹಳೆಯ ಮಾದರಿಯೇ ಇದಕ್ಕೆ ಒಗ್ಗುತ್ತದೆ. ಚರ್ಮದ್ದಾದರೆ ನಮ್ಮ ಬಿಸಿಲಿಗೆ ಬಿರುಕು ಬಿಡುತ್ತದೆ, ಆಗಾಗ ಎಣ್ಣೆ ಸವರಬೇಕು. ತೆಳು ನೈಲಾನು ಹೆಗಲಿನಿಂದ ಜಾರುತ್ತದೆ. ಗುಂಡಿ ಒತ್ತಿ ಬಿಚ್ಚುವ ಕೊಂಡಿಯಿದ್ದರೆ ಅದರ ಬೀಗ ಪೂರ್ತಿ ಕೂತಿದೆಯೇ ಎಂದು ಪ್ರತಿ ಪಾಳಿಯ ಆರಂಭದಲ್ಲಿ ಎಳೆದು ನೋಡಬೇಕು.

ಇಷ್ಟೊಂದು ಎಚ್ಚರ ಯಾಕೆಂದರೆ, ಹಲವು ಜೋಡಿ ನಳಿಗೆ ಬಂದೂಕುಗಳ ಸೇಫ್ಟಿ ಟ್ರಿಗರನ್ನು ಮಾತ್ರ ತಡೆಯುತ್ತದೆ. ಒಳಗಿನ ಸುತ್ತಿಗೆ ಬಿಗಿದೇ ಇರುತ್ತದೆ. ತೋಟಾ ತುಂಬಿದ ಬಂದೂಕು ಬಟ್ಟಿನ ಮೇಲೆ ಜೋರಾಗಿ ಬಿದ್ದರೆ ಆ ಸುತ್ತಿಗೆ ಜಾರಿ ಗುಂಡು ಹಾರಬಹುದು. ಬ್ಯಾಂಕಿನ ಬಾಗಿಲೆಂದರೆ ಪಿಂಚಣಿಗೆ ಬಂದ ಅಜ್ಜಿ, ತಾಯಿಯ ಕೈ ಹಿಡಿದ ಮಗು ನಿಂತಿರುವ ಜಾಗ.

ಬಂದೂಕು ಕಸಿಯುವವರ ಭಯವೂ ಇದೆ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಶಸ್ತ್ರಾಸ್ತ್ರ ದೋಚಿತ್ತು. ಕಾಶ್ಮೀರದಲ್ಲಿ ಆಯುಧ ಕಸಿಯುವ ಪ್ರಕರಣಗಳು ಹೆಚ್ಚಿದಾಗ ಕಾವಲಿನ ಜವಾನರು ರೈಫಲ್ಲನ್ನು ಸರಪಳಿಯಿಂದ ಸೊಂಟಕ್ಕೆ ಬಿಗಿದುಕೊಂಡು ನಿಲ್ಲಬೇಕಾಯಿತು. ಹೆಗಲಿಗೆ ಸುಮ್ಮನೆ ನೇತುಹಾಕಿದ ಬಂದೂಕನ್ನು ಹಿಂದಿನಿಂದ ಬಂದವನು ಒಂದೇ ಎಳೆತಕ್ಕೆ ಕಸಿಯಬಲ್ಲ. ಗಟ್ಟಿ ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಹಾಕಿಕೊಂಡರೆ ಅದು ಅಷ್ಟು ಸುಲಭವಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಬಂದೂಕಿನ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಆಗ ಬಂದೂಕಿನ ನಂಬರು, ಕಾಗದಪತ್ರ ನೋಡಿದರೆ ಕೆಲಸ ಮುಗಿಯಿತು ಎಂಬ ಭಾವನೆ ಬದಲಾಗಬೇಕು. ತೋಟಾ ತೆಗೆದು, ನಳಿಗೆ ಬಿಚ್ಚಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಪಟ್ಟಿಯನ್ನು ಬಂದೂಕಿನ ತೂಕದ ಎರಡರಷ್ಟು ಬಲದಿಂದ ಎಳೆದು ನೋಡಲು ಕೆಲವೇ ನಿಮಿಷ ಸಾಕು. ಚುನಾವಣೆ ಬಂದಾಗ ಹಲವು ಲೈಸೆನ್ಸುದಾರರು ಹೇಗೂ ಬಂದೂಕುಗಳನ್ನು ಠಾಣೆಗೆ ಒಪ್ಪಿಸುತ್ತಾರೆ. ಮರಳಿ ಕೊಡುವ ದಿನವೂ ಈ ಪರೀಕ್ಷೆ ಆಗಬಹುದು. ಕಲಬುರಗಿ ಪೊಲೀಸ್ ಪಡೆಗಳಲ್ಲಿ ಆಯುಧಗಳ ಕೆಲಸ ಬಲ್ಲ ಆರ್ಮರರ್‌ಗಳಿದ್ದಾರೆ. ಕಮಲಾಪುರ, ಚಿಂಚೋಳಿ, ಆಳಂದದ ಠಾಣೆಗಳಿಗೆ ಅವರು ವರ್ಷಕ್ಕೊಂದು ದಿನ ಬಂದರೆ ಹಳ್ಳಿಯ ಕಾವಲುಗಾರರು ನಗರಕ್ಕೆ ಅಲೆಯುವುದು ತಪ್ಪುತ್ತದೆ.

ಪಟ್ಟಿ, ಕೊಂಡಿ, ರಿಪೇರಿಯ ಕೂಲಿ, ಈ ಮೂರರ ಖರ್ಚೂ ಕಾವಲುಗಾರನ ಸಂಬಳದಿಂದ ಹೋಗಬಾರದು. ಬ್ಯಾಂಕುಗಳು ಭದ್ರತಾ ಏಜೆನ್ಸಿಗಳೊಂದಿಗೆ ಮಾಡಿಕೊಳ್ಳುವ ಮುಂದಿನ ಕರಾರಿನಲ್ಲಿ ಇದನ್ನು ಏಜೆನ್ಸಿಯ ಹೊಣೆಯೆಂದು ಸ್ಪಷ್ಟವಾಗಿ ಬರೆಯಲಿ, ಪಟ್ಟಿ, ಕೊಂಡಿಗಳನ್ನು ತಿಂಗಳಿಗೊಮ್ಮೆ ತಪಾಸಣೆ ಮಾಡಿ ಬರೆದಿಡುವ ಪುಸ್ತಕವನ್ನು ಶಾಖಾ ವ್ಯವಸ್ಥಾಪಕರು ನೋಡಿ ಸಹಿ ಹಾಕಲಿ.