ಕಾಲಿಲ್ಲದ್ದೆಲ್ಲ ಹಾವಲ್ಲ, ಇಂಟರ್‌ಲಾಕ್ ಹಾಕಿದ್ದೆಲ್ಲ ನಾಗಬನವಲ್ಲ

ಮೊದಲ ಮಳೆಗೆ ಮಣ್ಣು ಮೆತ್ತಗಾದರೆ ಸಾಕು, ಶಿರ್ವ, ಮಂಚಕಲ್ಲು, ಬೆಳ್ಮಣ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಫೋಟೊ ಬಂದೇ ಬರುತ್ತದೆ. ಅಂಗಳದಲ್ಲಿ ನುಣುಪು ಮೈಯ ಗೇಣುದ್ದದ ಜೀವಿ, ತಲೆ ಜಜ್ಜಿಹೋಗಿದೆ. ಕೆಳಗೆ ಪ್ರಶ್ನೆ: 'ಇದು ಯಾವ ಹಾವಿನ ಮರಿ?' ಕೊಂದ ಮೇಲೆ ಹೆಸರು ಕೇಳುವುದು ನಮ್ಮ ಪದ್ಧತಿ.

ಎಷ್ಟೋ ಸಲ ಅದು ಹಾವೇ ಅಲ್ಲ, ಅರಣೆ. ಘಟ್ಟದ ಮೇಲಿನವರು ಹಾವುರಾಣಿ ಎನ್ನುತ್ತಾರೆ. ಅರಣೆಗಳಲ್ಲೊಂದು ಜಾತಿಗೆ ಮೈ ಉದ್ದ, ಬಾಲ ಕೆಂಪು, ಕಾಲು ಮಾತ್ರ ಇದ್ದೂ ಇಲ್ಲದಂತೆ ಗಿಡ್ಡ. ತರಗೆಲೆಯ ಅಡಿ ನುಸುಳುವ ಬದುಕಿಗೆ ಕಾಲು ಅಡ್ಡಿ, ಅದಕ್ಕೇ ಸಣ್ಣದಾಗುತ್ತ ಬಂದಿದೆ. ಕೆಲವು ಜಾತಿಗಳಲ್ಲಿ ಪೂರ್ತಿ ಮಾಯವಾಗಿದೆ. ಹಾವಿಗೆ ಕಣ್ಣುರೆಪ್ಪೆ ಇಲ್ಲ, ಅರಣೆ ಕಣ್ಣು ಮಿಟುಕಿಸುತ್ತದೆ, ಹಿಡಿದರೆ ಬಾಲ ಕಳಚಿಕೊಟ್ಟು ಓಡುತ್ತದೆ. 'ಅರಣೆ ಕಚ್ಚಿದರೆ ಮರಣ' ಎಂಬ ಮಾತು ಪ್ರಾಸಕ್ಕೆ ಚಂದ, ಅಷ್ಟೇ. ಅದಕ್ಕೆ ವಿಷವೇ ಇಲ್ಲ.

ಪೂರ್ತಿ ಕಾಲಿಲ್ಲದ ಅರಣೆ ಬೇಕಿದ್ದರೆ ದೇಶದ ಆಚೆ ಕರಾವಳಿಗೆ ಹೋಗಬೇಕು. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ದ್ವೀಪದಲ್ಲಿ ಸಿಕ್ಕಿದ್ದನ್ನು 1917ರಲ್ಲಿ ಅನ್ನಾಂಡೇಲ್ ಎಂಬ ಪ್ರಾಣಿಶಾಸ್ತ್ರಜ್ಞ ಲೋಕಕ್ಕೆ ತಿಳಿಸಿದ. ಪೂರ್ವ ಘಟ್ಟದ ಇನ್ನೊಂದನ್ನು 1870ರಲ್ಲಿ ಬೆಡ್ಡೋಮ್ ವರ್ಣಿಸಿದ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳ ಕಣ್ಣಿಗೆ ಅದು ಬೀಳಲಿಲ್ಲ. ಮಣ್ಣಿನೊಳಗಿನ ಜೀವ ಇದ್ದರೂ ಗೊತ್ತಾಗುವುದಿಲ್ಲ, ಹೋದರೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಏನಿದೆ ಎನ್ನುತ್ತೀರಾ? ಎರೆಹುಳದಂತೆ ಉಂಗುರ ಮೈಯ ಸಿಸಿಲಿಯನ್ ಇದೆ. ಅದು ಹಾವೂ ಅಲ್ಲ, ಹುಳವೂ ಅಲ್ಲ, ಕಪ್ಪೆಯ ದೂರದ ಸಂಬಂಧಿ. ಮಂಗಳೂರು ಹತ್ತಿರದ ಗುರುಪುರದಿಂದ 1999ರಲ್ಲಿ ಒಂದು ಹೊಸ ಜಾತಿ ವರ್ಣನೆಯಾಯಿತು. 2004ರಲ್ಲಿ ನಮ್ಮದೇ ಉಡುಪಿ ಜಿಲ್ಲೆಯಿಂದ, ಮೂಕಾಂಬಿಕಾ ಅಭಯಾರಣ್ಯದ ಆಸುಪಾಸಿನಿಂದ ಇನ್ನೊಂದು. ಇವು ಸಿಕ್ಕಿದ್ದು ಆಫ್ರಿಕಾದಲ್ಲಲ್ಲ ಮಾರಾಯ್ರೆ, ನಾವು ಬಸ್ಸಲ್ಲಿ ಹೋಗಿಬರುವ ಊರುಗಳಲ್ಲಿ.

ಈಗ ನಾಗಬನಕ್ಕೆ ಬರೋಣ. ಈ ಜೀವಿಗಳಿಗೆ ಬೇಕಾದ್ದು ನೆರಳು, ತೇವ, ಕೊಳೆಯುವ ಎಲೆ. ಗುಡ್ಡೆಗೆಲ್ಲ ಜೆಸಿಬಿ ಹೋದ ಮೇಲೂ ಇವು ಮೂರೂ ಉಳಿದಿದ್ದದ್ದು ಬನದಲ್ಲಿ. ರೆಂಜೆ, ಸುರಗಿ, ಕಾಸರಕದ ಅಡಿಗೆ ಕತ್ತಿ ತಾಗಿಸಬಾರದು ಎಂದು ಹಿರಿಯರು ಹೆದರಿಸಿ ಉಳಿಸಿದ್ದು. ಅದನ್ನು ನಾವು 'ಜೀರ್ಣೋದ್ಧಾರ' ಮಾಡುತ್ತಿದ್ದೇವೆ. ಮರ ಕಡಿದು ಕಾಂಕ್ರೀಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಸ್ಟೀಲ್ ಗೇಟು, ದಾನಿಗಳ ಹೆಸರಿನ ಗ್ರಾನೈಟ್. ಉಳಿದ ಹುಲ್ಲಿಗೆ ಕಳೆನಾಶಕ. ಕಲ್ಲಿನ ನಾಗನಿಗೆ ತನು ಎರೆಯುವ ಕೈಯೇ ಹರಿದಾಡುವ ಬಡಪಾಯಿಗೆ ದೊಣ್ಣೆ ಎತ್ತುತ್ತದೆ.

'ಹಾವಿನ ಭಯ ಉಂಟಲ್ಲ, ಹೆಂಗಸರು ಮಕ್ಕಳು ತಂಬಿಲಕ್ಕೆ ಬರುವುದು ಹೇಗೆ?' ಎಂದು ಸಮಿತಿಯವರು ಕೇಳುತ್ತಾರೆ. ಭಯ ಸುಳ್ಳಲ್ಲ, ಕನ್ನಡಿ ಹಾವೂ ಇದೇ ಊರಲ್ಲಿದೆ. ಗುರುತು ಸಿಗದ್ದನ್ನು ಕೈಯಲ್ಲಿ ಹಿಡಿಯಿರಿ ಎಂದು ನಾವು ಹೇಳುತ್ತಿಲ್ಲ, ದೂರ ನಿಂತು ಹೋಗಲು ಬಿಡಿ. ವರ್ಷಕ್ಕೆ ಒಂದೆರಡು ಬಾರಿ ನಡೆಯಲು ಒಂದಾಳು ಅಗಲದ ದಾರಿ ಸಾಕು. ಅದಕ್ಕೆ ಇಡೀ ಬನದ ನೆಲ ಮುಚ್ಚಬೇಕೆ? ಬನ ಎಂದರೆ ಕಾಲಿಡದ ಜಾಗ ಎಂದೇ ಅಲ್ಲವೇ ಹಿಂದಿನವರು ತಿಳಿದದ್ದು?

ನಿಮ್ಮ ಕುಟುಂಬದ ಬನಕ್ಕೂ ಕಂಟ್ರಾಕ್ಟುದಾರರ ಕೊಟೇಶನ್ ಬಂದಿದ್ದರೆ ಈ ಸಲದ ಸಭೆಯಲ್ಲಿ ಓದಿಸಿ. ಇಂಟರ್‌ಲಾಕ್ ಎಷ್ಟು ಚದರಡಿ, ಕಡಿಯುವ ಮರ ಎಷ್ಟು ಎಂದು ಕೇಳಿ. ಉತ್ತರ ಸಿಕ್ಕಿದರೆ ನಮಗೂ ಕಳಿಸಿ, ಊರಿನ ಹೆಸರಿನೊಂದಿಗೆ ಹಾಕುತ್ತೇವೆ.