ಕಾಡುಪಾಪದ ದಾರಿ

ಕನ್ನಡದಲ್ಲಿ ‘ಪಾಪ’ ಎಂಬ ಮಾತಿಗೆ ಮೂರು ಅರ್ಥಗಳುಂಟು. ಎಳೆಯ ಮಗು ಪಾಪ. ಮರುಕ ಹುಟ್ಟಿದಾಗ ಬಾಯಿಗೆ ಬರುವ ಉದ್ಗಾರವೂ ಪಾಪ. ಮಾಡಬಾರದ್ದನ್ನು ಮಾಡಿದವನಿಗೆ ತಗಲುವುದೂ ಪಾಪವೇ. ನಮ್ಮ ಹಿರಿಯರು ಒಂದು ಇರುಳು ಪ್ರಾಣಿಯನ್ನು ‘ಕಾಡುಪಾಪ’ವೆಂದು ಕರೆದಾಗ ಮೊದಲೆರಡು ಅರ್ಥಗಳೇ ಅವರ ಮನಸ್ಸಿನಲ್ಲಿ ಇದ್ದಿರಬೇಕು. ಮೂರನೆಯದನ್ನು ಕೂಡಿಸಿದ್ದು ಮನುಷ್ಯನ ಕೃತ್ಯ.

ತುಮಕೂರು ಸೀಮೆಯ ಹಳ್ಳಿಯೊಂದರ ಅಂಚಿನ ತೋಪಿನಲ್ಲಿ ನಾನಿದನ್ನು ಕಂಡೆ. ಬಿಳಿಯ ಬೆಳಕು ಅದರ ಕಣ್ಣಿಗೆ ಹಿಂಸೆಯೆಂದು ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆವು. ಬಹಳ ಹೊತ್ತು ಕಾದ ಮೇಲೆ ಹುಣಿಸೆಯ ರೆಂಬೆಗಳ ನಡುವೆ ಎರಡು ಕೆಂಡಗಳು ಹೊಳೆದುವು. ಬಾಲವಿಲ್ಲ; ಕೈಕಾಲು ಕಡ್ಡಿಯಂತೆ; ತೂಕ ಸುಮಾರು ಕಾಲು ಕಿಲೋ. ಮುಂದಿನ ರೆಂಬೆಯನ್ನು ಹಿಡಿದು, ಅದು ತನ್ನ ಭಾರವನ್ನು ತಾಳೀತೆಂದು ನಂಬಿಕೆಯಾದ ಮೇಲಷ್ಟೇ ಹಿಂದಿನದನ್ನು ಬಿಡುತ್ತಿತ್ತು. ಮಿಡತೆಯೊಂದು ಎಟುಕಿಗೆ ಬಂದಾಗ ಮಾತ್ರ ಆ ನಿಧಾನವೆಲ್ಲ ಮಾಯವಾಗಿ ಕೈಗಳು ಮಿಂಚಿದುವು.

ಹಗಲೆಲ್ಲ ದಟ್ಟ ಎಲೆಗಳ ಮರೆಯಲ್ಲಿ ಉಂಡೆಯಾಗಿ ಮಲಗಿ, ಇರುಳಿನಲ್ಲಿ ಇರುವೆ, ಗೆದ್ದಲು, ಜೀರುಂಡೆಗಳನ್ನು ತಿಂದು ಬದುಕುವ ಈ ಜೀವ ಯಾರಿಗೆ ಏನು ಕೇಡು ಮಾಡೀತು? ಆದರೂ ಅದರ ಕಣ್ಣು ಮದ್ದಿಗಾಗುವುದೆಂದೂ ಮೈ ಮಾಟಕ್ಕೊದಗುವುದೆಂದೂ ನಂಬಿ ಹಿಡಿದವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಮೊದಲನೆಯ ಅನುಸೂಚಿಯ ರಕ್ಷಣೆಯನ್ನು ಕೊಟ್ಟಿತು. ಹಿಡಿಯುವ ಕೈಯನ್ನು ಕಾನೂನು ತಡೆದೀತು.

ಆದರೆ ಕೊಡಲಿಯ ಕೈ? ಕೋತಿಯಂತೆ ಮರದಿಂದ ಮರಕ್ಕೆ ನೆಗೆಯುವುದು ಕಾಡುಪಾಪಕ್ಕೆ ತಿಳಿಯದು. ಕೊಂಬೆಗೆ ಕೊಂಬೆ ತಾಗಿದ್ದರೇ ಅದಕ್ಕೆ ದಾರಿ. ರಸ್ತೆಯ ಅಗಲೀಕರಣಕ್ಕೆಂದು ಸಾಲುಮರಗಳನ್ನು ಉರುಳಿಸಿದಾಗ, ಬೇಲಿಯ ಹಸುರನ್ನು ಕಿತ್ತು ಕಲ್ಲುಕಂಬ ನೆಟ್ಟಾಗ, ಆ ದಾರಿ ಕಡಿಯುತ್ತದೆ. ಆಮೇಲೆ ಅದು ನೆಲಕ್ಕಿಳಿಯಬೇಕು, ಇಲ್ಲವೇ ವಿದ್ಯುತ್ತಿನ ತಂತಿಯನ್ನು ಹಿಡಿಯಬೇಕು. ನೆಲದಲ್ಲಿ ನಾಯಿಗಳು, ವಾಹನಗಳು, ತಂತಿಯಲ್ಲಿ ಸಾವು.

2022ರಲ್ಲಿ ತಮಿಳುನಾಡು ಸರ್ಕಾರ ಕಡವೂರಿನ 11,806 ಹೆಕ್ಟೇರು ಕಾಡನ್ನು ಕಾಡುಪಾಪದ ಅಭಯಾರಣ್ಯವೆಂದು ಘೋಷಿಸಿತು, ಮೆಚ್ಚತಕ್ಕ ಕಾರ್ಯ. ಹಾಗೆಂದು ಅಷ್ಟು ದೊಡ್ಡ ಕಾಡಿದ್ದರೆ ಮಾತ್ರ ಇದು ಬದುಕುವುದೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿಯೂ, ನಗರದ ಗದ್ದಲದ ನಡುವೆಯೇ, ಕಾಡುಪಾಪಗಳಿವೆ. ಮರಗಳು ಒಂದರ ಕೈಯನ್ನೊಂದು ಹಿಡಿದಿರುವುದೇ ಅದಕ್ಕೆ ಮುಖ್ಯ.

ಆದಕಾರಣ ನನ್ನ ಬಿನ್ನಹ ಸಣ್ಣದು. ಕಡಿದ ಮರಗಳಿಗೆ ಬದಲಾಗಿ ಎಷ್ಟು ಸಸಿ ನೆಟ್ಟೆವೆಂದು ಲೆಕ್ಕ ಒಪ್ಪಿಸುವವರು, ಎಷ್ಟು ಕೊಂಬೆಗಳ ನಂಟನ್ನು ಉಳಿಸಿದೆವೆಂಬ ಲೆಕ್ಕವನ್ನೂ ಒಪ್ಪಿಸಲಿ. ತೋಟದ ಅಂಚಿನ ಎರಡು ಮರಗಳ ನಡುವೆ ಹಬ್ಬಿದ ಬಳ್ಳಿಯನ್ನು ರೈತನು ಕಡಿಯದೆ ಬಿಡಲಿ. ಇರುಳಿನಲ್ಲಿ ಆ ಬಳ್ಳಿಯ ಮೇಲೆ ಯಾರೋ ತಾಯಿ ತನ್ನ ಮರಿಯನ್ನು ಹೊತ್ತು ದಾಟುತ್ತಿರಬಹುದು. ನಮ್ಮ ಹಿರಿಯರಿಟ್ಟ ಹೆಸರಿನಲ್ಲಿ ಮಗುವೂ ಮರುಕವೂ ಉಳಿಯಲಿ. ಮೂರನೆಯ ಅರ್ಥ ನಮ್ಮ ಪಾಲಿಗೆ ಬಾರದಿರಲಿ.