ಶಿಕ್ಷೆ ಮುಗಿಯುವುದು ಯಾವ ದಿನ?

2018ರ ಬೇಸಿಗೆಯ ಒಂದು ಸಂಜೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು. ಪರಪ್ಪನ ಅಗ್ರಹಾರದ ಸೆರೆಮನೆಯಿಂದ ಬಿಡುಗಡೆಯಾಗಿ ಆಗ ಮೂರು ವಾರ ಕಳೆದಿತ್ತು. ಕಾಫಿ ಕುಡಿದು, ಮನೆಮಂದಿಯ ಕ್ಷೇಮಸಮಾಚಾರ ವಿಚಾರಿಸಿ, ಕೊನೆಗೆ ಬಂದ ವಿಷಯಕ್ಕೆ ಬಂದರು. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವಿದೆ, ತಮ್ಮನ್ನು ಬಲ್ಲ ಇಬ್ಬರ ಪತ್ರ ಬೇಕಂತೆ. 'ನೀವು ಎರಡು ಸಾಲು ಬರೆದುಕೊಟ್ಟರೆ ಸಾಕು ಸಾರ್' ಎಂದರು. 'ನೋಡೋಣ, ಯೋಚಿಸಿ ಹೇಳ್ತೀನಿ' ಎಂದೆ. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು. ಸಾಲ ಕೊಡಲು ಮನಸ್ಸಿಲ್ಲದ ಗಿರಾಕಿಗೆ ಬ್ಯಾಂಕಿನಲ್ಲಿ ನಾವು ಹೇಳುತ್ತಿದ್ದುದೂ ಅದನ್ನೇ.

ಅವರು ನಿರಪರಾಧಿಯೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. 2003ರಲ್ಲಿ ಅವರು ಶಾಖೆಯೊಂದರ ವ್ಯವಸ್ಥಾಪಕರಾಗಿದ್ದಾಗ ವ್ಯಾಪಾರಿಯೊಬ್ಬ ಉಗ್ರಾಣದಲ್ಲಿ ಇಲ್ಲದ ಸರಕನ್ನು ಕಾಗದದ ಮೇಲೆ ತೋರಿಸಿ ಸಾಲ ಪಡೆದ. ಉಗ್ರಾಣಕ್ಕೆ ಹೋಗಿ ಸರಕನ್ನು ಕಣ್ಣಾರೆ ಕಂಡಿದ್ದೇನೆಂದು ಇವರು ತಪಾಸಣಾ ವರದಿಗೆ ಸಹಿ ಹಾಕಿದ್ದರು, ಹೋಗಿರಲಿಲ್ಲ. ಅದೇ ವರ್ಷ ಮನೆಗೆ ಮಾಳಿಗೆ ಕಟ್ಟಲು ಆ ವ್ಯಾಪಾರಿಯಿಂದ 80 ಸಾವಿರ ರೂಪಾಯಿ 'ಕೈಗಡ' ಪಡೆದಿದ್ದರು. ಸಿಬಿಐ ತನಿಖೆ ನಡೆಯಿತು. 2012ರಲ್ಲಿ ವಿಶೇಷ ನ್ಯಾಯಾಲಯ ಮೂರು ವರ್ಷ ಸಜೆ ವಿಧಿಸಿತು. 2017ರಲ್ಲಿ ಹೈಕೋರ್ಟು ಅಪರಾಧವನ್ನು ಎತ್ತಿಹಿಡಿದು ಸಜೆಯನ್ನು ಒಂದು ವರ್ಷಕ್ಕೆ ಇಳಿಸಿತು. ಅಷ್ಟರಲ್ಲಿ ನೌಕರಿ ಹೋಗಿತ್ತು, ಗ್ರಾಚ್ಯುಟಿ ಹೋಗಿತ್ತು, ವಕೀಲರ ಶುಲ್ಕಕ್ಕೆಂದು ಮಾಳಿಗೆಯ ಸಮೇತ ಮನೆಯೂ ಹೋಗಿತ್ತು. 37ನೆಯ ವಯಸ್ಸಿನಲ್ಲಿ ಮಾಡಿದ ತಪ್ಪಿನ ಶಿಕ್ಷೆಯನ್ನು 52ರಲ್ಲಿ ಅನುಭವಿಸಿ ಮುಗಿಸಿದರು. ಮುಗಿಯಿತೆಂದು ಅವರು ಭಾವಿಸಿದ್ದರು.

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡಬೇಕು. ನೋಡದ ಉಗ್ರಾಣದ ವರದಿಗೆ ನಾನೂ ಸಹಿ ಹಾಕಿದ್ದುಂಟು. ತಿಂಗಳ ಕೊನೆಯ ಶನಿವಾರಗಳಂದು, ಮಳೆ ಹಿಡಿದ ದಿನಗಳಂದು, ಗುಮಾಸ್ತ ತಂದಿಟ್ಟ ಕಾಗದವನ್ನು ನಂಬಿ. ನಾನು ಯಾರಿಂದಲೂ ಹಣ ಪಡೆದವನಲ್ಲ, ಆ ಅಂತರ ದೊಡ್ಡದೇ. ಆದರೆ ನನ್ನ ಗಿರಾಕಿಗಳ ಉಗ್ರಾಣಗಳಲ್ಲಿ ಸರಕು ನಿಜವಾಗಿ ಇದ್ದುದು ನನ್ನ ಯೋಗ್ಯತೆಯೇನಲ್ಲ. ನಾನು 2015ರಲ್ಲಿ ಹಾರ ಹಾಕಿಸಿಕೊಂಡು ನಿವೃತ್ತನಾದೆ.

ವೈಟ್‌ಕಾಲರ್ ಅಪರಾಧವೆಂದೊಡನೆ ನಮಗೆ ನೆನಪಾಗುವುದು ದೊಡ್ಡ ಹೆಸರುಗಳು. 2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು ಲೆಕ್ಕಗಳನ್ನು ತಿರುಚಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. 2015ರ ಏಪ್ರಿಲ್‌ನಲ್ಲಿ ಏಳು ವರ್ಷದ ಸಜೆಯಾಯಿತು. ಮುಂದಿನ ತಿಂಗಳೇ ಅದು ಅಮಾನತಾಗಿ ಜಾಮೀನು ಸಿಕ್ಕಿತು. ಮೆಕಿನ್ಸಿಯ ಮುಖ್ಯಸ್ಥರಾಗಿದ್ದ ರಜತ್ ಗುಪ್ತಾ 2012ರಲ್ಲಿ ನ್ಯೂಯಾರ್ಕಿನಲ್ಲಿ ಅಪರಾಧಿಯೆನಿಸಿ, ಸಜೆ ಮುಗಿಸಿ, 2019ರಲ್ಲಿ ತಮ್ಮ ಕಥೆಯನ್ನು ಪುಸ್ತಕವಾಗಿ ಹೊರತಂದರು. ಅಂಥವರ ಮಾತು ಕೇಳಲು ಪ್ರಕಾಶಕರಿದ್ದಾರೆ, ನೆರವಾಗಲು ಬಂಧುಗಳ ಸಂಸ್ಥೆಗಳಿರುತ್ತವೆ. ಆದರೆ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಕಾಯುವ ಲೆಕ್ಕಿಗ, ಶಾಖಾ ವ್ಯವಸ್ಥಾಪಕ, ಸಹಕಾರ ಸಂಘದ ಕಾರ್ಯದರ್ಶಿಗೆ ಅವಾವುವೂ ಇಲ್ಲ. ಅವರಿಗಿರುವುದು ಕಲಿತ ವಿದ್ಯೆಯೊಂದೇ. ನಾವು ಕಿತ್ತುಕೊಳ್ಳುವುದು ಅದನ್ನೇ.

ಕಾನೂನು ಏನು ಹೇಳುತ್ತದೆಂದು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. 'ನೈತಿಕ ಅಧಃಪತನ'ದ ಅಪರಾಧಕ್ಕೆ ಶಿಕ್ಷೆಯಾದವನನ್ನು ಬ್ಯಾಂಕು ಎಂದೆಂದಿಗೂ ನೌಕರಿಗೆ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 10ನೆಯ ಕಲಮು. ಜವಾನನ ಹುದ್ದೆಗೂ ಇದು ಅನ್ವಯ, ಕಾಲಮಿತಿಯಿಲ್ಲ. ಅದೇ ವರ್ಷದ ಚಾರ್ಟರ್ಡ್ ಅಕೌಂಟೆಂಟರ ಕಾಯ್ದೆಯಲ್ಲಿ ಕೇಂದ್ರ ಸರ್ಕಾರವೇ ಲಿಖಿತ ಆದೇಶದಿಂದ ಅನರ್ಹತೆಯನ್ನು ತೆಗೆಯಬೇಕು. ಆದರೆ 1961ರ ವಕೀಲರ ಕಾಯ್ದೆಯ ಪ್ರಕಾರ ಬಿಡುಗಡೆಯಾಗಿ ಎರಡು ವರ್ಷ ಕಳೆದರೆ ವಕೀಲನಾಗಿ ನೋಂದಾಯಿಸಿಕೊಳ್ಳಲು ಅಡ್ಡಿಯಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಸಜೆ ಏಳು ವರ್ಷಕ್ಕಿಂತ ಕಡಿಮೆಯಿದ್ದರೆ ಅದು ಮುಗಿದ ಐದು ವರ್ಷಗಳ ಮೇಲೆ ನಿರ್ದೇಶಕನಾಗಬಹುದು. ಜನಪ್ರತಿನಿಧಿಯಾಗಲು ಬಿಡುಗಡೆಯ ನಂತರ ಆರು ವರ್ಷ ಕಾದರಾಯಿತು. ಅಂದರೆ ನನ್ನ ಸಹೋದ್ಯೋಗಿ ಇಂದು ಕಂಪನಿಯೊಂದರ ನಿರ್ದೇಶಕರಾಗಬಹುದು, ಜನ ಆರಿಸಿದರೆ ಹಣಕಾಸು ಮಂತ್ರಿಯೂ ಆಗಬಹುದು, ಬ್ಯಾಂಕಿನ ಜವಾನರಾಗುವಂತಿಲ್ಲ. 'ನೈತಿಕ ಅಧಃಪತನ'ಕ್ಕೆ ಈ ಕಾಯ್ದೆಗಳಾವುವೂ ವ್ಯಾಖ್ಯೆ ಕೊಟ್ಟಿಲ್ಲ.

ಬ್ಯಾಂಕಿನ ನಿಷೇಧವನ್ನು ನಾನು ವಿರೋಧಿಸುವುದಿಲ್ಲ. ಸಹಕಾರಿ ಬ್ಯಾಂಕೊಂದು ಮುಗ್ಗರಿಸಿದಾಗ ಪಿಂಚಣಿಯ ಹಣವನ್ನೆಲ್ಲ ಠೇವಣಿ ಇಟ್ಟ ವೃದ್ಧರು ಬಾಗಿಲ ಮುಂದೆ ಸರದಿ ನಿಂತದ್ದನ್ನು ಈ ಊರಿನಲ್ಲಿ ನಾವೆಲ್ಲ ಕಂಡಿದ್ದೇವೆ. ಬರೀ ಸಹಿಯಿಂದ ಮಾಡಿದ ಅಪರಾಧದಲ್ಲಿ ರಕ್ತ ಕಾಣುವುದಿಲ್ಲವಾದ್ದರಿಂದ ಅದು ಹಗುರವೆಂದು ಯಾರೂ ಹೇಳಕೂಡದು. ಪರರ ಹಣ ಕಾಯುವ ಮೇಜಿಗೆ ಮರಳುವ ಹಕ್ಕು ಅಂಥವರಿಗೆ ಇರಬೇಕಿಲ್ಲ. ನನ್ನ ತಕರಾರು ಆ ಮೇಜಿನ ಆಚೆಗಿನದು. ಅಂಗಡಿಯ ಲೆಕ್ಕ, ಶಾಲೆಯ ಕಚೇರಿ, ಸಣ್ಣ ಕಾರ್ಖಾನೆಯ ದಾಸ್ತಾನು ಪುಸ್ತಕ ಇವನ್ನು ಮುಟ್ಟಬಾರದೆಂದು ಯಾವ ಕಾನೂನೂ ಹೇಳಿಲ್ಲ. ಹೇಳುತ್ತಿರುವವರು ನಾವು.

ಹೇಳಲು ಈಗ ಸಾಧನಗಳೂ ಹೆಚ್ಚಿವೆ. ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಬೆರಳಚ್ಚಿಸಿದರೆ ಹಳೆಯ ಮೊಕದ್ದಮೆ ಎದ್ದುಬರುತ್ತದೆ. ನೇಮಕಕ್ಕೆ ಮುನ್ನ ಪೂರ್ವಾಪರ ವಿಚಾರಿಸಿಕೊಡುವುದೇ ಬೆಂಗಳೂರಿನಲ್ಲಿ ಒಂದು ಉದ್ಯಮವಾಗಿದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿದ ಸೂತ್ರಗಳಲ್ಲಿ, ಶಿಕ್ಷೆಯನ್ನು ಮುಚ್ಚಿಟ್ಟವನನ್ನು ಕೆಲಸದಿಂದ ತೆಗೆಯಬಹುದು, ನಿಜ ಹೇಳಿದವನನ್ನು ನೇಮಿಸಿಕೊಳ್ಳಲೇಬೇಕೆಂಬ ಒತ್ತಾಯವೂ ಇಲ್ಲ. ಸುಳ್ಳಿಗೆ ದಂಡವಿದೆ, ನಿಜಕ್ಕೆ ಫಲವಿಲ್ಲ. (2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ವಂಚನೆಯ ಕಲಮು 420ರಿಂದ 318ಕ್ಕೆ ಸರಿಯಿತು. ಜನರ ಬಾಯಲ್ಲಿ ಮಾತ್ರ ಫೋರ್‌ಟ್ವೆಂಟಿ ಹಾಗೆಯೇ ಉಳಿದಿದೆ. ಹಣೆಪಟ್ಟಿಗಳ ಆಯುಸ್ಸು ಕಾನೂನಿನದಕ್ಕಿಂತ ದೀರ್ಘ.)

ಬ್ರಿಟನ್ನಿನಲ್ಲಿ 1974ರಿಂದಲೇ ಅಪರಾಧಿಗಳ ಪುನರ್ವಸತಿಗೊಂದು ಕಾಯ್ದೆಯಿದೆ. ಈಗಿನ ನಿಯಮದಂತೆ, ಒಂದರಿಂದ ನಾಲ್ಕು ವರ್ಷದವರೆಗೆ ಸೆರೆವಾಸ ಅನುಭವಿಸಿದವನು ಅದು ಮುಗಿದು ಇನ್ನೂ ನಾಲ್ಕು ವರ್ಷ ಬೇರೆ ತಪ್ಪಿಲ್ಲದೆ ಬಾಳಿದರೆ ಆ ಶಿಕ್ಷೆ 'ತೀರಿದ್ದು' ಎನಿಸುತ್ತದೆ. ಸಾಮಾನ್ಯ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಮೊದಲಾದ ವೃತ್ತಿಗಳಿಗೆ ಈ ರಿಯಾಯಿತಿ ಇಲ್ಲ, ಅಲ್ಲಿ ಹಳೆಯದನ್ನೂ ಹೇಳಬೇಕು. ವಿವೇಕದ ವಿಂಗಡಣೆಯೆಂದರೆ ಇದು. ನಮ್ಮಲ್ಲಿಯೂ ಬೀಜ ಇಲ್ಲದಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಸನ್ನಡತೆಯ ಮೇಲೆ ಬಿಟ್ಟವರಿಗೆ ಶಿಕ್ಷೆಯ ಅನರ್ಹತೆ ಅಂಟದಂತೆ ನೋಡಿಕೊಳ್ಳುತ್ತದೆ. ಬಾಲನ್ಯಾಯ ಕಾಯ್ದೆಯೂ ಮಕ್ಕಳ ವಿಷಯದಲ್ಲಿ ಹಾಗೆಯೇ. ಸೆರೆವಾಸ ಮುಗಿಸಿ ಬಂದ ವಯಸ್ಕನಿಗೆ ಮಾತ್ರ ಅಂಥ ಸಾಮಾನ್ಯ ಕಾನೂನಿಲ್ಲ. ಸಂಸತ್ತು ಇದಕ್ಕೆ ಕಾಲಮಿತಿ ನಿಗದಿಪಡಿಸಬೇಕು: ವಂಚಿಸಿದ ಹಣ ಮರಳಿಸಿರಬೇಕು, ಸಜೆಯ ಪ್ರಮಾಣಕ್ಕೆ ತಕ್ಕಷ್ಟು ವರ್ಷ ನಿಷ್ಕಳಂಕವಾಗಿ ಕಳೆದಿರಬೇಕು, ಠೇವಣಿದಾರರ ಹಣದ ಕೆಲಸಗಳು ಹೊರತಾಗಿರಬೇಕು. ತನ್ನ ತಪ್ಪನ್ನು ತಪ್ಪೆಂದು ಒಪ್ಪದೆ, ಹಣವನ್ನೂ ಹಿಂದಿರುಗಿಸದೆ 'ಮರೆತುಬಿಡಿ' ಎನ್ನುವವನಿಗೆ ನನ್ನಲ್ಲಿ ಸಹಾನುಭೂತಿಯಿಲ್ಲ.

ಚಿಕ್ಕಪೇಟೆಯ ಆ ಅಂಗಡಿಯವರು ಕೊನೆಗೆ ನನ್ನ ಪತ್ರವಿಲ್ಲದೆಯೇ ಅವರನ್ನು ಇಟ್ಟುಕೊಂಡರು, ಅರ್ಧ ಸಂಬಳಕ್ಕೆ. ಜಿಎಸ್‌ಟಿ ಲೆಕ್ಕವೆಲ್ಲ ಅವರದೇ ಕೈಬರಹ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಬೇರೆಡೆ ಹೋಗಲಾರರೆಂದು ಮಾಲೀಕನಿಗೆ ತಿಳಿದಿತ್ತು. ಹೀಗೆ ಐದು ವರ್ಷ ನಡೆಯಿತು. ಲೆಕ್ಕ ಬಲ್ಲವನನ್ನು ಲೆಕ್ಕಕ್ಕೆ ಸಿಗದಂತೆ ದುಡಿಸುವುದರಿಂದ ಪ್ರಾಮಾಣಿಕತೆ ಬೆಳೆಯುತ್ತದೆಂದು ನಂಬುವವರು ಯಾರೋ ನಾನರಿಯೆ.

2023ರಲ್ಲಿ ಧರ್ಮಸಂಸ್ಥೆಯೊಂದು ನಡೆಸುವ ವಿದ್ಯಾರ್ಥಿನಿಲಯಕ್ಕೆ ಲೆಕ್ಕಿಗರು ಬೇಕೆಂದು ತಿಳಿದಾಗ ನಾನೇ ಅವರಿಗೆ ಫೋನು ಮಾಡಿದೆ. ಪತ್ರ ಬರೆದೆ. ಮೊದಲ ವಾಕ್ಯದಲ್ಲಿಯೇ ಅಪರಾಧವನ್ನೂ ಸಜೆಯನ್ನೂ ನಮೂದಿಸಿದೆ, ಆಮೇಲೆ ಅವರ ಕೆಲಸದ ಬಗ್ಗೆ ನನಗೆ ಗೊತ್ತಿದ್ದುದನ್ನು ಹೇಳಿದೆ. ಧರ್ಮದರ್ಶಿಗಳಲ್ಲೊಬ್ಬರು ನನ್ನನ್ನು ಕರೆಸಿ, 'ನಾಳೆ ಏನಾದರೂ ಆದರೆ ನೀವು ಹೊಣೆಯಾಗ್ತೀರಾ?' ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಆಗುತ್ತೇನೆಂದು ಬರೆದುಕೊಟ್ಟೆ. ಈಗ ದಿನಸಿಯ ದಾಸ್ತಾನು, ಮಕ್ಕಳ ಶುಲ್ಕದ ಪುಸ್ತಕ ಅವರ ಕೈಯಲ್ಲಿವೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ. ಚೆಕ್ಕಿಗೆ ಇಬ್ಬರು ಧರ್ಮದರ್ಶಿಗಳ ಸಹಿ ಬೇಕು. ಹಾಗೆಯೇ ಇರಲಿ ಎಂದು ಸೇರಿದ ದಿನವೇ ಕೇಳಿಕೊಂಡವರು ಅವರು.